ಶ್ವೇತಭವನದ ವಾರಸುದಾರಿಕೆ: ಅಮೆರಿಕದ ಅಧ್ಯಕ್ಷರ ವ್ಯಾಪಾರ ನೀತಿ – ಒಂದು ತೌಲನಿಕ ಅಧ್ಯಯನ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಾಲ್ಕು ವರ್ಷಗಳಿಗೊಮ್ಮೆ ಅಧ್ಯಕ್ಷ ಪದವಿಗೆ ಚುನಾವಣೆ ನಡೆಯುವಾಗಲೆಲ್ಲ ನಮ್ಮ ವಾಣಿಜ್ಯ ವಲಯದಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. ರಿಪಬ್ಲಿಕನ್ ಪಕ್ಷದವರು ಗೆದ್ದರೆ ರಫ್ತಿಗೆ ಅನುಕೂಲವೋ, ಡೆಮಾಕ್ರಟಿಕ್ ಪಕ್ಷದವರು ಗೆದ್ದರೆ ಅನುಕೂಲವೋ ಎಂಬುದೇ ಆ ಪ್ರಶ್ನೆ. ರಿಪಬ್ಲಿಕನ್ನರು ಉದ್ಯಮಪತಿಗಳ ಹಾಗೂ ಮುಕ್ತ ವ್ಯಾಪಾರದ ಪಕ್ಷಪಾತಿಗಳು, ಡೆಮಾಕ್ರಟರು ಕಾರ್ಮಿಕ ಸಂಘಗಳ ಒತ್ತಡಕ್ಕೆ ಮಣಿದು ಆಮದಿಗೆ ಬೇಲಿ ಹಾಕುವವರು ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಈಚಿನ ವರ್ಷಗಳಲ್ಲಿ ಅದು ತಿರುವುಮುರುವಾಗಿದೆ ಎಂಬ ಅಭಿಪ್ರಾಯವೂ ಇದೆ. ದಾಖಲೆಗಳನ್ನು ಪರಿಶೀಲಿಸಿದರೆ ಈ ಎರಡು ನಂಬಿಕೆಗಳೂ ಅರ್ಧ ಸತ್ಯಗಳೆಂದೇ ಹೇಳಬೇಕಾಗುತ್ತದೆ. ಒಬ್ಬ ಅಧ್ಯಕ್ಷನನ್ನು ಅವನ ಪಕ್ಷದ ಪ್ರಣಾಳಿಕೆಯೊಡನೆ ಹೋಲಿಸುವುದಕ್ಕಿಂತ, ಎದುರು ಪಕ್ಷದಿಂದ ಬಂದ ಅವನ ಪೂರ್ವಾಧಿಕಾರಿಯೊಡನೆ ಹೋಲಿಸಿ, ಯಾವುದನ್ನು ಉಳಿಸಿಕೊಂಡ, ಯಾವುದನ್ನು ಕಿತ್ತುಹಾಕಿದ ಎಂದು ನೋಡುವುದು ಹೆಚ್ಚು ಫಲಪ್ರದವಾದ ಕ್ರಮ.

ಪಕ್ಷಗಳು ಸ್ಥಾನ ಬದಲಿಸಿದ ಬಗೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೆಚ್ಚಿನ ಸುಂಕವೆಂಬುದು ರಿಪಬ್ಲಿಕನ್ ಪಕ್ಷದ ಮೂಲಮಂತ್ರವಾಗಿತ್ತು. ಉತ್ತರದ ಕಾರ್ಖಾನೆಗಳು ಆ ಪಕ್ಷದ ಬೆನ್ನೆಲುಬು. ಹತ್ತಿಯನ್ನು ಹೊರದೇಶಗಳಿಗೆ ಮಾರಿ ಯಂತ್ರಗಳನ್ನೂ ಬಟ್ಟೆಯನ್ನೂ ಕೊಳ್ಳುತ್ತಿದ್ದ ದಕ್ಷಿಣದ ರಾಜ್ಯಗಳು ಡೆಮಾಕ್ರಟಿಕ್ ಪಕ್ಷದ ನೆಲೆ. ಹೀಗಾಗಿ ಡೆಮಾಕ್ರಟ್ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ 1887ರಲ್ಲಿ ಕಾಂಗ್ರೆಸ್ಸಿಗೆ ಕಳುಹಿಸಿದ ವಾರ್ಷಿಕ ಸಂದೇಶವನ್ನು ಸಂಪೂರ್ಣವಾಗಿ ಸುಂಕ ಇಳಿಕೆಯ ವಿಷಯಕ್ಕೇ ಮೀಸಲಿಟ್ಟರು. ಅದಕ್ಕೆ ಪ್ರತಿಯಾಗಿ 1890ರಲ್ಲಿ ಬಂದ ಅತ್ಯುಚ್ಚ ಸುಂಕದ ಕಾಯಿದೆಯು ಪ್ರತಿನಿಧಿ ಸಭೆಯ ಸದಸ್ಯರಾಗಿದ್ದ ವಿಲಿಯಂ ಮೆಕಿನ್ಲಿಯವರ ಹೆಸರನ್ನು ಹೊತ್ತಿತ್ತು. ಮುಂದೆ 1897ರಲ್ಲಿ ಅವರೇ ಅಧ್ಯಕ್ಷರಾದರು. 1913ರಲ್ಲಿ ಡೆಮಾಕ್ರಟ್ ವುಡ್ರೋ ವಿಲ್ಸನ್ ಸುಂಕಗಳನ್ನು ಗಣನೀಯವಾಗಿ ಇಳಿಸಿ, ಆ ನಷ್ಟವನ್ನು ತುಂಬಲು ಅದೇ ಕಾಯಿದೆಯಲ್ಲಿ ಆದಾಯ ತೆರಿಗೆಯನ್ನು ಜಾರಿಗೆ ತಂದರು. 1922ರಲ್ಲಿ ರಿಪಬ್ಲಿಕನ್ ಹಾರ್ಡಿಂಗ್ ಸುಂಕವನ್ನು ಮತ್ತೆ ಏರಿಸಿದರು.

1930ರ ಜೂನ್ 17ರಂದು ಅಧ್ಯಕ್ಷ ಹರ್ಬರ್ಟ್ ಹೂವರ್ ಸಹಿ ಮಾಡಿದ ಸ್ಮೂಟ್–ಹಾಲಿ ಕಾಯಿದೆ ಈ ಪರಂಪರೆಯ ತುತ್ತತುದಿ. ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಅದಕ್ಕೆ ಅಂಗೀಕಾರ ನೀಡಬಾರದೆಂದು ಮನವಿ ಸಲ್ಲಿಸಿದ್ದರೂ ಅದು ಫಲಿಸಲಿಲ್ಲ. ಕೆನಡಾ ಮೊದಲಾದ ರಾಷ್ಟ್ರಗಳು ಪ್ರತಿಸುಂಕ ಹೇರಿದವು. 1929ರಲ್ಲಿ ಸುಮಾರು 520 ಕೋಟಿ ಡಾಲರ್‌ಗಳಷ್ಟಿದ್ದ ಅಮೆರಿಕದ ಸರಕು ರಫ್ತು 1933ರ ವೇಳೆಗೆ ಸುಮಾರು 170 ಕೋಟಿ ಡಾಲರ್‌ಗಳಿಗೆ ಕುಸಿಯಿತು. ಈ ಕುಸಿತಕ್ಕೆಲ್ಲ ಸುಂಕವೊಂದೇ ಕಾರಣವೆಂದು ಹೇಳುವ ರೂಢಿಯಿದೆ. ಅದು ಅತಿಶಯೋಕ್ತಿ. ಆಗಲೇ ಆರಂಭವಾಗಿದ್ದ ಮಹಾ ಆರ್ಥಿಕ ಕುಸಿತ ಹಾಗೂ ಬೆಲೆಗಳ ಇಳಿತ ಅದರಲ್ಲಿ ದೊಡ್ಡ ಪಾಲು ಪಡೆದಿದ್ದವು. ಸುಂಕವು ಬಿದ್ದವನ ಮೇಲೆ ಹೇರಿದ ಹೊರೆಯಾಯಿತು ಎನ್ನುವುದು ಸಮಂಜಸ.

ಹೂವರ್ ಅವರ ನಂತರ ಬಂದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1934ರಲ್ಲಿ ಪರಸ್ಪರ ವ್ಯಾಪಾರ ಒಪ್ಪಂದಗಳ ಕಾಯಿದೆಯನ್ನು ತಂದರು. ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್ ಅದರ ಶಿಲ್ಪಿ. ಅನ್ಯ ರಾಷ್ಟ್ರಗಳೊಡನೆ ಒಪ್ಪಂದ ಮಾಡಿಕೊಂಡು ಸುಂಕವನ್ನು ಶೇ. 50ರವರೆಗೆ ಇಳಿಸುವ ಅಧಿಕಾರ ಅಧ್ಯಕ್ಷನಿಗೆ ದೊರೆಯಿತು. ಪ್ರತಿ ಒಪ್ಪಂದಕ್ಕೂ ಕಾಂಗ್ರೆಸ್ಸಿನ ಪ್ರತ್ಯೇಕ ಅಂಗೀಕಾರ ಬೇಕಾಗಲಿಲ್ಲ. ಸಂವಿಧಾನದ ಪ್ರಕಾರ ಸುಂಕ ವಿಧಿಸುವ ಅಧಿಕಾರ ಕಾಂಗ್ರೆಸ್ಸಿನದು. ಅದು ಹಂತಹಂತವಾಗಿ ಶ್ವೇತಭವನಕ್ಕೆ ಹರಿದುಹೋಗಲು ಆರಂಭವಾದದ್ದು ಇಲ್ಲಿಂದ. ರಿಪಬ್ಲಿಕನ್ ಪಕ್ಷ ಈ ಕಾಯಿದೆಯನ್ನು ರದ್ದುಪಡಿಸುವುದಾಗಿ 1936ರಲ್ಲಿ ಮತದಾರರಿಗೆ ಭರವಸೆಯನ್ನೇ ನೀಡಿತ್ತು. ಆದರೆ ಇಪ್ಪತ್ತು ವರ್ಷಗಳ ಡೆಮಾಕ್ರಟಿಕ್ ಆಡಳಿತದ ನಂತರ 1953ರಲ್ಲಿ ಅಧಿಕಾರಕ್ಕೆ ಬಂದ ಐಸೆನ್‌ಹೋವರ್ ಮಾಡಿದ್ದೇನು? ಸ್ವಪಕ್ಷದ ಹಲವರ ಅಸಮಾಧಾನವನ್ನು ಬದಿಗಿರಿಸಿ ಅದೇ ಕಾಯಿದೆಯ ಅವಧಿಯನ್ನು ವಿಸ್ತರಿಸಿಕೊಂಡರು. ಭಾರತವೂ ಸೇರಿದಂತೆ 23 ರಾಷ್ಟ್ರಗಳು 1947ರಲ್ಲಿ ಕಟ್ಟಿದ ಗ್ಯಾಟ್ ಒಡಂಬಡಿಕೆ ಎರಡೂ ಪಕ್ಷಗಳ ಆಸ್ತಿಯಾದದ್ದು ಹೀಗೆ. ಅದೇ ಐಸೆನ್‌ಹೋವರ್ 1959ರಲ್ಲಿ ಕಚ್ಚಾ ತೈಲದ ಆಮದಿಗೆ ಕಡ್ಡಾಯ ಕೋಟಾ ವಿಧಿಸಿದರು ಎಂಬುದನ್ನೂ ಮರೆಯುವಂತಿಲ್ಲ. ಆ ಕೋಟಾವನ್ನು ಅವರ ನಂತರದ ಡೆಮಾಕ್ರಟ್ ಅಧ್ಯಕ್ಷರಿಬ್ಬರೂ ಮುಂದುವರಿಸಿದರು. ಅದನ್ನು 1973ರಲ್ಲಿ ಕೊನೆಗಾಣಿಸಿದವರು ರಿಪಬ್ಲಿಕನ್ ನಿಕ್ಸನ್.

ಒಬ್ಬರು ಬರೆದ ಕಲಮು, ಮತ್ತೊಬ್ಬರು ಹಿಡಿದ ಆಯುಧ

ಅಧ್ಯಕ್ಷರು ಬದಲಾದರೂ ಕಾಯಿದೆಗಳು ಕಪಾಟಿನಲ್ಲಿ ಉಳಿಯುತ್ತವೆ. ಜಾನ್ ಕೆನಡಿ 1962ರಲ್ಲಿ ತಂದ ವ್ಯಾಪಾರ ವಿಸ್ತರಣಾ ಕಾಯಿದೆಯ ಉದ್ದೇಶ ಹೆಸರಿಗೆ ತಕ್ಕಂತೆ ಸುಂಕವನ್ನು ಇಳಿಸಿ ವ್ಯಾಪಾರವನ್ನು ಹಿಗ್ಗಿಸುವುದು. 1967ರಲ್ಲಿ ಮುಗಿದ ಕೆನಡಿ ಸುತ್ತಿನ ಮಾತುಕತೆಗೆ ಅದೇ ಆಧಾರ. ಆದರೆ ಅದರ 232ನೆಯ ಕಲಮು, ರಾಷ್ಟ್ರೀಯ ಭದ್ರತೆಗೆ ಧಕ್ಕೆ ತರುವ ಆಮದನ್ನು ನಿರ್ಬಂಧಿಸಲು ಅಧ್ಯಕ್ಷನಿಗೆ ಅವಕಾಶ ನೀಡುತ್ತದೆ. ಐವತ್ತಾರು ವರ್ಷಗಳ ನಂತರ, 2018ರ ಮಾರ್ಚ್‌ನಲ್ಲಿ, ಡೊನಾಲ್ಡ್ ಟ್ರಂಪ್ ಉಕ್ಕಿನ ಮೇಲೆ ಶೇ. 25 ಹಾಗೂ ಅಲ್ಯೂಮಿನಿಯಂ ಮೇಲೆ ಶೇ. 10 ಸುಂಕ ಹೇರಿದ್ದು ಇದೇ ಕಲಮಿನಡಿ. ಅವರನ್ನು ಸೋಲಿಸಿ ಬಂದ ಜೋ ಬೈಡನ್ ಐರೋಪ್ಯ ಒಕ್ಕೂಟ ಮುಂತಾದ ಮಿತ್ರರಿಗೆ ನಿಗದಿತ ಪ್ರಮಾಣದವರೆಗೆ ವಿನಾಯಿತಿ ಕೊಟ್ಟರೇ ಹೊರತು ಸುಂಕವನ್ನು ತೆಗೆಯಲಿಲ್ಲ. 2025ರ ಜೂನ್‌ನಲ್ಲಿ ಟ್ರಂಪ್ ಅದನ್ನು ಶೇ. 50ಕ್ಕೆ ಏರಿಸಿದರು.

ಇನ್ನೊಂದು ಉದಾಹರಣೆ ವಿನೋದವೆನಿಸಬಹುದು. ಪಶ್ಚಿಮ ಜರ್ಮನಿ ಹಾಗೂ ಫ್ರಾನ್ಸ್ ಅಮೆರಿಕದ ಅಗ್ಗದ ಕೋಳಿಮಾಂಸಕ್ಕೆ ಸುಂಕ ಏರಿಸಿದ್ದಕ್ಕೆ ಪ್ರತೀಕಾರವಾಗಿ 1963ರ ಡಿಸೆಂಬರ್‌ನಲ್ಲಿ ಲಿಂಡನ್ ಜಾನ್ಸನ್ ಆಲೂಗಡ್ಡೆ ಪಿಷ್ಟ, ಬ್ರಾಂದಿ ಮತ್ತು ಲಘು ಟ್ರಕ್ಕುಗಳ ಮೇಲೆ ಶೇ. 25ರವರೆಗೆ ಸುಂಕ ವಿಧಿಸಿದರು. ಕೋಳಿಯ ಜಗಳ ಎಂದೋ ಮುಗಿಯಿತು. ಟ್ರಕ್ಕಿನ ಸುಂಕ ಮಾತ್ರ ಅರವತ್ತು ವರ್ಷ ದಾಟಿಯೂ ಬದುಕಿತು. ನಡುವೆ ಬಂದ ಹತ್ತು ಮಂದಿ ಅಧ್ಯಕ್ಷರಲ್ಲಿ ಆರು ಮಂದಿ ರಿಪಬ್ಲಿಕನ್ನರು, ನಾಲ್ವರು ಡೆಮಾಕ್ರಟರು. ಡೆಟ್ರಾಯಿಟ್‌ನ ಪಿಕಪ್ ಟ್ರಕ್ಕುಗಳಿಗೆ ದೊರೆತ ಈ ಆಶ್ರಯವನ್ನು ಕಿತ್ತುಹಾಕುವ ಗೋಜಿಗೆ ಅವರಾರೂ ಹೋಗಲಿಲ್ಲ.

1971ರ ಆಗಸ್ಟ್ 15ರಂದು ರಿಚರ್ಡ್ ನಿಕ್ಸನ್ ಡಾಲರನ್ನು ಚಿನ್ನಕ್ಕೆ ಬದಲಾಯಿಸಿಕೊಡುವ ವ್ಯವಸ್ಥೆಯನ್ನು ನಿಲ್ಲಿಸಿ, ಕೂಲಿ–ಬೆಲೆಗಳನ್ನು 90 ದಿನ ಸ್ತಂಭನಗೊಳಿಸಿ, ಆಮದಿನ ಮೇಲೆ ಶೇ. 10 ಮೇಲ್ತೆರಿಗೆ ಹೇರಿದರು. ಮಿತ್ರರಾಷ್ಟ್ರಗಳು ತಮ್ಮ ನಾಣ್ಯಗಳ ಮೌಲ್ಯ ಏರಿಸಲೊಪ್ಪಿದೊಡನೆ, ಅದೇ ಡಿಸೆಂಬರ್‌ನಲ್ಲಿ, ಮೇಲ್ತೆರಿಗೆಯನ್ನು ತೆಗೆದುಹಾಕಲಾಯಿತು. ಮೇಲ್ತೆರಿಗೆಯನ್ನು ನ್ಯಾಯಾಲಯದಲ್ಲಿ ಸಮರ್ಥಿಸಲು ಸರ್ಕಾರ ಆಶ್ರಯಿಸಿದ್ದು ವಿಲ್ಸನ್ ಕಾಲದ, 1917ರ, ಶತ್ರು ರಾಷ್ಟ್ರಗಳೊಡನೆ ವ್ಯಾಪಾರ ಕುರಿತ ಯುದ್ಧಕಾಲದ ಕಾಯಿದೆಯನ್ನು. ಮುಂದೆ ಕಾಂಗ್ರೆಸ್ 1974ರ ವ್ಯಾಪಾರ ಕಾಯಿದೆಯ 122ನೆಯ ಕಲಮಿನಲ್ಲಿ ಇಂತಹ ಮೇಲ್ತೆರಿಗೆಗೆ ಶೇ. 15 ಹಾಗೂ 150 ದಿನಗಳ ಮಿತಿ ಹಾಕಿತು. ಜಿಮ್ಮಿ ಕಾರ್ಟರ್ ಅವಧಿಯಲ್ಲಿ, 1977ರಲ್ಲಿ, ಯುದ್ಧಕಾಲದ ಅಧಿಕಾರಗಳನ್ನು ಬೇರ್ಪಡಿಸಿ ಅಂತರರಾಷ್ಟ್ರೀಯ ತುರ್ತು ಆರ್ಥಿಕ ಅಧಿಕಾರಗಳ ಕಾಯಿದೆಯನ್ನು ರೂಪಿಸಲಾಯಿತು. ಅಧ್ಯಕ್ಷನ ಕೈಯನ್ನು ಕೊಂಚ ಕಟ್ಟುವುದು ಅದರ ಆಶಯವಾಗಿತ್ತು. ಆ ನಂತರದ ಅಧ್ಯಕ್ಷರು ಅದನ್ನು ಇರಾನ್ ಮೊದಲಾದ ರಾಷ್ಟ್ರಗಳ ಮೇಲೆ ದಿಗ್ಬಂಧನ ಹೇರಲು ಬಳಸಿದರು. ಅದರಡಿ ವ್ಯಾಪಕ ಸುಂಕ ವಿಧಿಸಿದ ಮೊದಲಿಗರು 2025ರಲ್ಲಿ ಟ್ರಂಪ್. ಆ ವರ್ಷದ ಮೇ ಹಾಗೂ ಆಗಸ್ಟ್ ತಿಂಗಳುಗಳಲ್ಲಿ ಎರಡು ಕೆಳಹಂತದ ಒಕ್ಕೂಟ ನ್ಯಾಯಾಲಯಗಳು ಆ ಕಾಯಿದೆ ಇಂತಹ ಸುಂಕಕ್ಕೆ ಅಧಿಕಾರ ಕೊಡದೆಂದು ತೀರ್ಪಿತ್ತವು. ನವೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ವಾದ ನಡೆದಾಗ ನಿಕ್ಸನ್ ಕಾಲದ ಮೇಲ್ತೆರಿಗೆಯೂ ಮತ್ತೆ ಚರ್ಚೆಗೆ ಬಂತು.

ರೇಗನ್: ಭಾಷಣ ಮತ್ತು ಕಡತ

ಮಾತಿಗೂ ಕೃತಿಗೂ ನಡುವಿನ ಅಂತರವನ್ನು ಅಭ್ಯಸಿಸಬೇಕೆನ್ನುವವರಿಗೆ ರೊನಾಲ್ಡ್ ರೇಗನ್ ಅವರ ಎಂಟು ವರ್ಷಗಳಿಗಿಂತ ಉತ್ತಮ ಸಾಮಗ್ರಿ ದೊರೆಯಲಾರದು. ಅವರನ್ನು ಸಾಮಾನ್ಯವಾಗಿ ಕಾರ್ಟರ್ ಅವರಿಗೆ ಪೂರ್ಣ ವಿರುದ್ಧವೆಂದು ಚಿತ್ರಿಸಲಾಗುತ್ತದೆ. ಆದರೆ ರೇಗನ್ ಯುಗದ ಲಕ್ಷಣವೆಂದು ಹೇಳಲಾಗುವ ನಿಯಂತ್ರಣ ಸಡಿಲಿಕೆ ಆರಂಭವಾದದ್ದು ಕಾರ್ಟರ್ ಕಾಲದಲ್ಲಿ: 1978ರಲ್ಲಿ ವಿಮಾನಯಾನ, 1980ರಲ್ಲಿ ಟ್ರಕ್ ಸಾಗಣೆ ಹಾಗೂ ರೈಲ್ವೆ. ಹಣದುಬ್ಬರವನ್ನು ಮಣಿಸಿದ ಕೀರ್ತಿಯೂ ಹಂಚಿಕೊಳ್ಳಬೇಕಾದುದೇ. ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ಮುಖ್ಯಸ್ಥರನ್ನಾಗಿ ಪಾಲ್ ವೋಲ್ಕರ್ ಅವರನ್ನು 1979ರಲ್ಲಿ ನೇಮಿಸಿದವರು ಕಾರ್ಟರ್. 1983ರಲ್ಲಿ ಮರುನೇಮಕ ಮಾಡಿದವರು ರೇಗನ್. ವೋಲ್ಕರ್ ಅವರ ಬಿಗಿ ಬಡ್ಡಿನೀತಿಯಿಂದ 1980ರಲ್ಲಿ ಶೇ. 13.5ರಷ್ಟಿದ್ದ ಹಣದುಬ್ಬರ 1983ರಲ್ಲಿ ಶೇ. 3.2ಕ್ಕೆ ಇಳಿಯಿತು. ಕಹಿ ಔಷಧವನ್ನು ಬರೆದುಕೊಟ್ಟವರು ಚುನಾವಣೆಯಲ್ಲಿ ಸೋತರು, ಗುಣ ಕಂಡ ಕಾಲದಲ್ಲಿ ಅಧಿಕಾರದಲ್ಲಿದ್ದವರು ಗೆದ್ದರು.

ವ್ಯಾಪಾರ ಕ್ಷೇತ್ರದಲ್ಲಿ ಕಾರ್ಟರ್ 1977ರಲ್ಲಿ ತೈವಾನ್ ಹಾಗೂ ದಕ್ಷಿಣ ಕೊರಿಯಾದ ಪಾದರಕ್ಷೆಗಳಿಗೂ ಜಪಾನಿನ ಬಣ್ಣದ ದೂರದರ್ಶನ ಯಂತ್ರಗಳಿಗೂ ಒಪ್ಪಂದದ ಮೂಲಕ ಮಿತಿ ಹಾಕಿಸಿದ್ದರು. ಮುಕ್ತ ವ್ಯಾಪಾರದ ಪ್ರತಿಪಾದಕರಾದ ರೇಗನ್ ಈ ದಾರಿಯನ್ನು ಬಿಡಲಿಲ್ಲ, ಅಗಲಿಸಿದರು. 1981ರಲ್ಲಿ ಜಪಾನ್ ತನ್ನ ಕಾರುಗಳ ರಫ್ತನ್ನು ವರ್ಷಕ್ಕೆ 16.8 ಲಕ್ಷಕ್ಕೆ ‘ಸ್ವಯಂಪ್ರೇರಿತವಾಗಿ’ ಮಿತಿಗೊಳಿಸಿತು. ಸ್ವಯಂಪ್ರೇರಣೆ ಎಂಬ ಪದಕ್ಕೆ ರಾಜತಾಂತ್ರಿಕ ನಿಘಂಟಿನಲ್ಲಿ ಬೇರೆಯೇ ಅರ್ಥವಿದೆ. ಇದರ ಪರಿಣಾಮ ನಮ್ಮ ಉದ್ಯಮಿಗಳೂ ಮನನ ಮಾಡಬೇಕಾದದ್ದು. ಸಂಖ್ಯೆಗೆ ಮಿತಿ ಬಿದ್ದಾಗ ಜಪಾನಿನ ಕಂಪನಿಗಳು ಹೆಚ್ಚು ಬೆಲೆಯ ಕಾರುಗಳತ್ತ ತಿರುಗಿದವು. ಜತೆಗೆ ಅಮೆರಿಕದ ನೆಲದಲ್ಲೇ ಕಾರ್ಖಾನೆ ತೆರೆದವು. ಹೋಂಡಾ 1982ರಲ್ಲಿ ಓಹಾಯೋ ರಾಜ್ಯದಲ್ಲಿ, ನಿಸ್ಸಾನ್ 1983ರಲ್ಲಿ ಟೆನೆಸ್ಸಿಯಲ್ಲಿ ಉತ್ಪಾದನೆ ಆರಂಭಿಸಿದವು. ಬೇಲಿ ಹಾಕಿದವರು ಯಾರನ್ನು ಹೊರಗಿಡಬೇಕೆಂದಿದ್ದರೋ ಅವರು ಬೇಲಿಯ ಒಳಗೇ ಮನೆ ಕಟ್ಟಿದರು.

1983ರಲ್ಲಿ 700 ಸಿಸಿಗೆ ಮೇಲ್ಪಟ್ಟ ಮೋಟರ್‌ಸೈಕಲ್‌ಗಳ ಮೇಲಿನ ಸುಂಕವನ್ನು ಶೇ. 4.4ರಿಂದ ಶೇ. 49.4ಕ್ಕೆ ಏರಿಸಲಾಯಿತು. ಹಾರ್ಲೆ ಡೇವಿಡ್ಸನ್ ಕಂಪನಿಯನ್ನು ಉಳಿಸುವುದು ಇದರ ಗುರಿ. ಐದು ವರ್ಷಗಳಲ್ಲಿ ಹಂತಹಂತವಾಗಿ ಇಳಿಯಬೇಕಿದ್ದ ಈ ರಕ್ಷಣೆ ತನಗಿನ್ನು ಬೇಡವೆಂದು ಕಂಪನಿಯೇ 1987ರಲ್ಲಿ ಹೇಳಿತು. ರಕ್ಷಣೆ ಪಡೆದ ಉದ್ಯಮವೊಂದು ಅವಧಿಗೆ ಮುನ್ನವೇ ಅದನ್ನು ಹಿಂದಿರುಗಿಸಿದ ನಿದರ್ಶನಗಳು ತೀರಾ ವಿರಳ. ಇದೇ ಹಾರ್ಲೆ 2007ರಲ್ಲಿ ಭಾರತದ ವ್ಯಾಪಾರ ಮಾತುಕತೆಯಲ್ಲೂ ಕಾಣಿಸಿಕೊಂಡಿತು: ನಮ್ಮ ಮಾವಿಗೆ ಅಮೆರಿಕದ ಬಾಗಿಲು ತೆರೆಯಿತು, ಅವರ ಭಾರಿ ಬೈಕುಗಳಿಗೆ ನಮ್ಮ ಬಾಗಿಲು ತೆರೆಯಿತು.

ಹಾಗಿದ್ದೂ ರೇಗನ್ ಅವರನ್ನು ಕೇವಲ ರಕ್ಷಣಾವಾದಿ ಎನ್ನಲಾಗದು. ಏಷ್ಯಾದ ಜವಳಿ ಆಮದನ್ನು ತೀವ್ರವಾಗಿ ಕಡಿತಗೊಳಿಸುವ ಮಸೂದೆಯನ್ನು 1985ರಲ್ಲಿ ಅವರು ತಿರಸ್ಕರಿಸಿದರು. ಮರುವರ್ಷ ಪ್ರತಿನಿಧಿ ಸಭೆಯಲ್ಲಿ ಆ ತಿರಸ್ಕಾರವನ್ನು ಅನೂರ್ಜಿತಗೊಳಿಸುವ ಯತ್ನಕ್ಕೆ 276 ಮತಗಳು ಬಿದ್ದವು, ವಿರುದ್ಧ 149. ಮೂರನೇ ಎರಡರಷ್ಟು ಬಹುಮತಕ್ಕೆ ಎಂಟೇ ಮತಗಳ ಕೊರತೆ. 1988ರಲ್ಲಿ ಅಂತಹದೇ ಮತ್ತೊಂದು ಮಸೂದೆಯನ್ನೂ ತಿರಸ್ಕರಿಸಿದರು. ಕೆನಡಾದೊಡನೆ ಮುಕ್ತ ವ್ಯಾಪಾರ ಒಪ್ಪಂದ, 1986ರಲ್ಲಿ ಉರುಗ್ವೆ ಸುತ್ತಿನ ಆರಂಭ ಇವೆರಡೂ ಅವರ ಕಾಲದವು. 2025ರ ಅಕ್ಟೋಬರ್‌ನಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯ ಸರ್ಕಾರ ಸುಂಕವನ್ನು ಖಂಡಿಸುವ ರೇಗನ್ ಅವರ 1987ರ ಏಪ್ರಿಲ್ ತಿಂಗಳ ರೇಡಿಯೊ ಭಾಷಣದ ತುಣುಕುಗಳನ್ನು ಜಾಹೀರಾತಾಗಿ ಪ್ರಸಾರ ಮಾಡಿದಾಗ ಟ್ರಂಪ್ ಕೆನಡಾದೊಡನೆ ಮಾತುಕತೆಯನ್ನೇ ನಿಲ್ಲಿಸಿದರು. ಆ ಭಾಷಣದ ಸಂದರ್ಭವನ್ನು ಬಹಳ ಮಂದಿ ಗಮನಿಸಲಿಲ್ಲ: ಜಪಾನಿನ 30 ಕೋಟಿ ಡಾಲರ್ ಮೌಲ್ಯದ ವಿದ್ಯುನ್ಮಾನ ಸರಕುಗಳ ಮೇಲೆ ತಾವೇ ಆಗಷ್ಟೇ ವಿಧಿಸಿದ್ದ ಶೇ. 100 ಸುಂಕಕ್ಕೆ ರೇಗನ್ ಅದರಲ್ಲಿ ಸಮಜಾಯಿಷಿ ನೀಡುತ್ತಿದ್ದರು.

ಎದುರು ಪಕ್ಷದ ಮತಗಳಿಂದ ಗೆದ್ದ ಅಧ್ಯಕ್ಷ

ಮೆಕ್ಸಿಕೊ ಮತ್ತು ಕೆನಡಾಗಳೊಡನೆ ಉತ್ತರ ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1992ರ ಡಿಸೆಂಬರ್‌ನಲ್ಲಿ ಸಹಿ ಮಾಡಿದವರು, ಅಷ್ಟರಲ್ಲಿ ಚುನಾವಣೆಯಲ್ಲಿ ಸೋತಿದ್ದ ಹಿರಿಯ ಜಾರ್ಜ್ ಬುಷ್. ಅದನ್ನು ಕಾಂಗ್ರೆಸ್ಸಿನಲ್ಲಿ ಗೆಲ್ಲಿಸಿದವರು ಬಿಲ್ ಕ್ಲಿಂಟನ್. 1993ರ ನವೆಂಬರ್‌ನಲ್ಲಿ ಪ್ರತಿನಿಧಿ ಸಭೆಯಲ್ಲಿ 234–200 ಮತಗಳಿಂದ ಅದು ಅಂಗೀಕಾರವಾಯಿತು. ಪರ ಮತಗಳಲ್ಲಿ 132 ರಿಪಬ್ಲಿಕನ್ನರವು, 102 ಮಾತ್ರ ಅಧ್ಯಕ್ಷರ ಸ್ವಪಕ್ಷದವು. 2000ದಲ್ಲಿ ಚೀನಾಕ್ಕೆ ಕಾಯಂ ಸಾಮಾನ್ಯ ವ್ಯಾಪಾರ ಸಂಬಂಧದ ಸ್ಥಾನ ಕೊಡುವಾಗ ಈ ವೈಚಿತ್ರ್ಯ ಇನ್ನೂ ಹೆಚ್ಚಿತು: 237 ಪರ ಮತಗಳಲ್ಲಿ ಡೆಮಾಕ್ರಟರವು 73. ಇಂದು ಎರಡೂ ಪಕ್ಷಗಳಲ್ಲಿ ಆ ನಿರ್ಣಯವನ್ನು ದೂರುವವರೇ ಹೆಚ್ಚು; ಆದರೆ ಅದು ಎರಡೂ ಪಕ್ಷಗಳ ಕೂಸು.

ಭಾರತದ ಮಟ್ಟಿಗೆ ಹೇಳುವುದಾದರೆ, ಮುಕ್ತ ವ್ಯಾಪಾರದ ಪರವೆಂದು ಹೆಸರಾದ ಹಿರಿಯ ಬುಷ್ ಅವರ ಆಡಳಿತವೇ 1989ರಲ್ಲಿ ಜಪಾನ್, ಬ್ರೆಜಿಲ್‌ಗಳೊಡನೆ ನಮ್ಮನ್ನು ‘ಸೂಪರ್ 301’ ಪಟ್ಟಿಗೆ ಸೇರಿಸಿತ್ತು. ತಂತ್ರಜ್ಞರ ಎಚ್-1ಬಿ ವೀಸಾಕ್ಕೆ 1990ರಲ್ಲಿ ಕಾಯಿದೆ ತಂದು ವರ್ಷಕ್ಕೆ 65,000 ಮಿತಿ ಇಟ್ಟವರೂ ಅವರೇ. ಕ್ಲಿಂಟನ್ ಕಾಲದಲ್ಲಿ ಎರಡು ಕಾಯಿದೆಗಳ ಮೂಲಕ ಅದು 1,95,000ದವರೆಗೆ ಏರಿತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಅಮೆರಿಕದಲ್ಲಿ ಬೇರೂರಿದ್ದು ಈ ಅವಧಿಯಲ್ಲಿ. ಕಿರಿಯ ಬುಷ್ ಆಡಳಿತದಲ್ಲಿ, 2004ನೆಯ ಹಣಕಾಸು ವರ್ಷದಿಂದ, ಮಿತಿ ಮತ್ತೆ 65,000ಕ್ಕೆ ಇಳಿಯಿತು.

ಬಫೆಲೊ ಮತ್ತು ಬೆಂಗಳೂರು

ಕಿರಿಯ ಬುಷ್ 2002ರ ಮಾರ್ಚ್‌ನಲ್ಲಿ ಉಕ್ಕಿನ ಮೇಲೆ ಶೇ. 8ರಿಂದ ಶೇ. 30ರವರೆಗೆ ರಕ್ಷಣಾ ಸುಂಕ ಹೇರಿದರು. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 2003ರ ನವೆಂಬರ್‌ನಲ್ಲಿ ಅದನ್ನು ನಿಯಮಬಾಹಿರವೆಂದಿತು. ಐರೋಪ್ಯ ಒಕ್ಕೂಟ ಪ್ರತಿಸುಂಕದ ಪಟ್ಟಿ ಸಿದ್ಧಪಡಿಸಿತ್ತು. ಮರುತಿಂಗಳೇ ಸುಂಕವನ್ನು ಹಿಂತೆಗೆದುಕೊಳ್ಳಲಾಯಿತು. ಬರಾಕ್ ಒಬಾಮಾ 2009ರಲ್ಲಿ ಚೀನಾದ ಟೈರುಗಳ ಮೇಲೆ ಶೇ. 35 ಸುಂಕ ವಿಧಿಸಿದರು. ಆದರೆ ಬುಷ್ ಕಾಲದಲ್ಲಿ ಸಹಿಯಾಗಿ ನನೆಗುದಿಗೆ ಬಿದ್ದಿದ್ದ ಕೊರಿಯಾ, ಕೊಲಂಬಿಯಾ ಹಾಗೂ ಪನಾಮಾ ಒಪ್ಪಂದಗಳನ್ನು 2011ರಲ್ಲಿ ಅಂಗೀಕಾರಗೊಳಿಸಿದವರೂ ಅವರೇ. 2008ರ ಅಕ್ಟೋಬರ್‌ನಲ್ಲಿ 70,000 ಕೋಟಿ ಡಾಲರ್‌ಗಳ ಬ್ಯಾಂಕ್ ನೆರವು ಯೋಜನೆಗೆ ಬುಷ್ ಸಹಿ ಹಾಕಿದರು. ಡಿಸೆಂಬರ್‌ನಲ್ಲಿ ಕಾರು ಕಂಪನಿಗಳಿಗೆ 1,740 ಕೋಟಿ ಡಾಲರ್ ಸಾಲ ಘೋಷಿಸಿದರು. ಒಬಾಮಾ ಅದನ್ನೇ ಮುಂದುವರಿಸಿ ಹಿಗ್ಗಿಸಿದರು. ಸರ್ಕಾರ ಮಾರುಕಟ್ಟೆಯಲ್ಲಿ ಕೈಹಾಕಬಾರದೆಂಬ ಪಕ್ಷದಿಂದ ಬಂದವರೇ ಮೊದಲ ಕೈ ಹಾಕಿದ್ದರು.

2009ರ ಮೇ ತಿಂಗಳಲ್ಲಿ ಒಬಾಮಾ, ನ್ಯೂಯಾರ್ಕ್ ರಾಜ್ಯದ ಬಫೆಲೊದಲ್ಲಿ ಉದ್ಯೋಗ ಸೃಷ್ಟಿಸುವುದಕ್ಕಿಂತ ಬೆಂಗಳೂರಿನಲ್ಲಿ ಸೃಷ್ಟಿಸಿದರೆ ಕಡಿಮೆ ತೆರಿಗೆ ಬೀಳುವಂತಹ ವ್ಯವಸ್ಥೆಯನ್ನು ಟೀಕಿಸಿದಾಗ ನಮ್ಮ ನಗರದಲ್ಲಿ ಉಂಟಾದ ಕಳವಳ ಅನೇಕರ ನೆನಪಿನಲ್ಲಿರಬಹುದು. 2010ರಲ್ಲಿ ನಮ್ಮ ಕಂಪನಿಗಳಿಗೇ ಹೆಚ್ಚು ತಟ್ಟುವಂತೆ ವೀಸಾ ಶುಲ್ಕಕ್ಕೆ 2,000 ಡಾಲರ್ ಸೇರಿಸಲಾಯಿತು. 2015ರಲ್ಲಿ ಅದು 4,000 ಆಯಿತು. ಆದರೂ ಭಾರತದ ಮಾಹಿತಿ ತಂತ್ರಜ್ಞಾನ ಸೇವೆಗಳ ಒಟ್ಟು ರಫ್ತು 2008–09ರಲ್ಲಿದ್ದ ಸುಮಾರು 4,700 ಕೋಟಿ ಡಾಲರ್‌ಗಳಿಂದ 2015–16ರಲ್ಲಿ ಸುಮಾರು 10,800 ಕೋಟಿ ಡಾಲರ್‌ಗಳಿಗೆ ಬೆಳೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ವಿಧಿಸುವ ಘೋಷಣೆ ಹೊರಬಿದ್ದಾಗ ಮಾತ್ರ ಅಂಕಿಯ ಗಾತ್ರವೇ ಬೇರೆಯಾಗಿತ್ತು.

ನಿಜವಾದ ವ್ಯತ್ಯಾಸ ಎಲ್ಲಿದೆ

ಟ್ರಂಪ್ ಅವರ ಮೊದಲ ಅವಧಿಯಲ್ಲಿ ಚೀನಾದ ಸುಮಾರು 37,000 ಕೋಟಿ ಡಾಲರ್ ಮೌಲ್ಯದ ಸರಕುಗಳ ಮೇಲೆ ಬಿದ್ದ ಸುಂಕವನ್ನು ಬೈಡನ್ ಉಳಿಸಿಕೊಂಡರು. 2024ರಲ್ಲಿ ಚೀನಾದ ವಿದ್ಯುತ್ ಕಾರುಗಳ ಮೇಲಿನ ದರವನ್ನು ಶೇ. 100ಕ್ಕೆ ಏರಿಸಿದರು. 2019ರ ಜೂನ್‌ನಲ್ಲಿ ಭಾರತಕ್ಕೆ ರದ್ದಾದ ಆದ್ಯತಾ ಸುಂಕ ಸೌಲಭ್ಯವನ್ನು ಅವರು ಮರಳಿಸಲಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿಯ ಕಥೆಯೂ ಇದೇ. 2016ರಲ್ಲಿ ಒಬ್ಬ ಸದಸ್ಯರ ಮರುನೇಮಕವನ್ನು ತಡೆದದ್ದು ಒಬಾಮಾ ಆಡಳಿತ. ಎಲ್ಲ ನೇಮಕಗಳನ್ನೂ ತಡೆದು 2019ರ ಡಿಸೆಂಬರ್‌ನಲ್ಲಿ ಮಂಡಳಿಯನ್ನು ನಿಷ್ಕ್ರಿಯಗೊಳಿಸಿದ್ದು ಟ್ರಂಪ್ ಆಡಳಿತ. ಬೈಡನ್ ಆಡಳಿತ ತಡೆಯನ್ನು ಸಡಿಲಿಸಲಿಲ್ಲ. 2003ರಲ್ಲಿ ಬುಷ್ ಅವರನ್ನು ಹಿಮ್ಮೆಟ್ಟಿಸಿದ ನ್ಯಾಯಪೀಠವನ್ನು ಮೂವರು ಕೂಡಿ ಮುಚ್ಚಿದರು ಎನ್ನಬಹುದು.

ಹಾಗಾದರೆ ಅಧ್ಯಕ್ಷರ ನಡುವೆ ಭೇದವೇ ಇಲ್ಲವೇ? ಇದೆ. ಅದು ದಿಕ್ಕಿಗಿಂತ ವಿಧಾನದಲ್ಲಿ, ಮುಖ್ಯವಾಗಿ ವೇಗದಲ್ಲಿ ಇದೆ. 1930ರ ಕಾಯಿದೆ ಕಾಂಗ್ರೆಸ್ಸಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಚರ್ಚೆಯಾಯಿತು. 2002ರ ಉಕ್ಕಿನ ಸುಂಕಕ್ಕೆ ಮೊದಲು ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ತಿಂಗಳುಗಟ್ಟಲೆ ವಿಚಾರಣೆ ನಡೆಸಿತು. ರಫ್ತುದಾರರಿಗೆ ಸಿದ್ಧತೆಗೆ, ವಕೀಲರ ಮೂಲಕ ಅಹವಾಲಿಗೆ ಕಾಲಾವಕಾಶವಿತ್ತು. 2025ರಲ್ಲಿ ಏಪ್ರಿಲ್ 2ರಂದು ಭಾರತಕ್ಕೆ ಶೇ. 26 ಎಂದು ಘೋಷಣೆಯಾಯಿತು. ಒಂದು ವಾರದಲ್ಲಿ ಅದನ್ನು ತಡೆಹಿಡಿಯಲಾಯಿತು. ಆಗಸ್ಟ್ 7ರಿಂದ ಶೇ. 25 ಜಾರಿಯಾಯಿತು, ರಷ್ಯಾದ ತೈಲ ಖರೀದಿಯ ಕಾರಣ ಮುಂದಿಟ್ಟು ಆಗಸ್ಟ್ 27ರಿಂದ ಇನ್ನೂ ಶೇ. 25 ಸೇರಿತು. ನವೆಂಬರ್ 14ರ ಆದೇಶದಲ್ಲಿ ಕಾಫಿ, ಚಹಾ, ಬಾಳೆ, ಸಂಬಾರ ಪದಾರ್ಥ ಮೊದಲಾದ ಅಲ್ಲಿ ಬೆಳೆಯದ ಸರಕುಗಳನ್ನು ಪ್ರತಿಸುಂಕದ ವ್ಯಾಪ್ತಿಯಿಂದ ಹೊರಗಿಡಲಾಯಿತು. ಅಲ್ಲಿನ ಗ್ರಾಹಕರ ದಿನಸಿ ವೆಚ್ಚ ಏರುತ್ತಿದ್ದುದೇ ಇದಕ್ಕೆ ಪ್ರೇರಣೆ.

ಉಡುಪು ಅಥವಾ ಎಂಜಿನಿಯರಿಂಗ್ ಬಿಡಿಭಾಗಗಳ ಸಣ್ಣ ರಫ್ತುದಾರನಿಗೆ ಬೇಡಿಕೆ ಒಪ್ಪಿಕೊಂಡ ದಿನದಿಂದ ಸರಕು ಅಮೆರಿಕದ ಬಂದರು ಸೇರುವವರೆಗೆ ಮೂರು ನಾಲ್ಕು ತಿಂಗಳು ಹಿಡಿಯುವುದು ಸಾಮಾನ್ಯ. ಅದರಲ್ಲಿ ಹಡಗಿನ ಪ್ರಯಾಣವೇ ಒಂದು ತಿಂಗಳಿಗೆ ಕಡಿಮೆಯಿಲ್ಲ. ಅಷ್ಟರಲ್ಲಿ ದರ ಎರಡು ಬಾರಿ ಬದಲಾದರೆ ನಷ್ಟ ಯಾರದೆಂಬುದು ಮಾರಾಟದ ಕರಾರಿನ ಷರತ್ತನ್ನು ಅವಲಂಬಿಸುತ್ತದೆ. ಸರಕನ್ನು ಹಡಗಿಗೇರಿಸುವವರೆಗೆ ಮಾತ್ರ ಹೊಣೆ ಹೊರುವ ಎಫ್‌ಒಬಿ ಷರತ್ತಿನಲ್ಲಿ ಸುಂಕ ಆಮದುದಾರನ ಪಾಲು. ಸುಂಕ ಪಾವತಿಸಿ ಮನೆಬಾಗಿಲಿಗೆ ತಲುಪಿಸುವ ಡಿಡಿಪಿ ಷರತ್ತಿನಲ್ಲಿ ಅದು ರಫ್ತುದಾರನ ತಲೆಯ ಮೇಲೆ. ಎಫ್‌ಒಬಿ ಕರಾರಿದ್ದರೂ ಖರೀದಿದಾರ ರಿಯಾಯಿತಿ ಕೇಳದಿರನು. ಆದರೆ ಕೇಳುವವನು ಅವನಾಗಿರುತ್ತಾನೆ, ಕೊಡುವುದು ಬಿಡುವುದು ರಫ್ತುದಾರನ ಕೈಯಲ್ಲಿ ಉಳಿಯುತ್ತದೆ. ಆಗಸ್ಟ್ 27ರ ಆದೇಶದಲ್ಲಿ ದಾರಿಯಲ್ಲಿದ್ದ ಸರಕಿಗೆ ಒಂದು ವಿನಾಯಿತಿಯೂ ಇತ್ತು: ಅಂದು ಅಮೆರಿಕದ ಪೂರ್ವ ಕರಾವಳಿಯ ಕಾಲಮಾನದಲ್ಲಿ ಮಧ್ಯರಾತ್ರಿ 12 ಗಂಟೆ 1 ನಿಮಿಷಕ್ಕೆ ಮುನ್ನ ಕೊನೆಯ ಹಡಗಿಗೆ ಏರಿದ್ದು, ಸೆಪ್ಟೆಂಬರ್ 17ಕ್ಕೆ ಮೊದಲು ಅಲ್ಲಿನ ಸುಂಕಕಟ್ಟೆ ದಾಟಿದ ಪೆಟ್ಟಿಗೆಗಳಿಗೆ ಹೆಚ್ಚುವರಿ ಶೇ. 25 ಅನ್ವಯಿಸಲಿಲ್ಲ. ಅದನ್ನು ಪಡೆಯಲು ಹಡಗು ಬಿಲ್ಲೆಯ ಮೇಲಿನ ದಿನಾಂಕವೇ ಸಾಕ್ಷ್ಯವಾಯಿತು.